ಅಲಬಾಮಾದ ಹಾಡಿಗೆ ನಕ್ಷತ್ರ ಕೊಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣಿಯ ಹೊಸ ಹಾಡುಗಳ ಪಟ್ಟಿಯಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಇಂಡಿ ಗಾಯಕರು, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವವರು, ಆಗಾಗ ತಲೆಹಾಕುತ್ತಿದ್ದಾರೆ. ಸಂತೋಷದ ವಿಷಯ. ಆದರೆ ಒಬ್ಬೊಬ್ಬರಿಗೆ ಸಿಗುವುದು ಎರಡು ಸಾಲು, ಮೂರೂವರೆ ನಕ್ಷತ್ರ, ಜೊತೆಗೆ ‘ಕಂಟ್ರಿ ಸೊಗಡು’ ಎನ್ನುವ ಒಂದು ಪದ (ಕಂಟ್ರಿ ಎಂದರೆ ಅಲ್ಲಿನ ಹಳ್ಳಿಗಾಡಿನ ಜನಪ್ರಿಯ ಸಂಗೀತ). ಪಕ್ಕದಲ್ಲಿ ಕೌಬಾಯ್ ಟೋಪಿಯ ಚಿತ್ರ. ಈ ಹಾಡುಗಾರರಲ್ಲಿ ಹಲವರು ಮನೆಯಲ್ಲಿ, ಶಾಲೆಯಲ್ಲಿ, ಚರ್ಚಿನಲ್ಲಿ ತಮಗೆ ಕಲಿಸಿದ್ದನ್ನು ಒರೆಗೆ ಹಚ್ಚಿ ನೋಡುತ್ತಿದ್ದಾರೆ. ಏನು ಕಲಿಸಿದ್ದರು ಎನ್ನುವುದೇ ಗೊತ್ತಿಲ್ಲದವರಿಗೆ ಒರೆಗಲ್ಲಿನ ಮೇಲಿನ ಗೆರೆ ಕಾಣುವುದಿಲ್ಲ. ಆ ಕೊರತೆ ತುಂಬಲು ಈ ಪತ್ರ. ಉದ್ದವಾಗಿದ್ದರೆ ಕತ್ತರಿ ಹಾಕಿ, ಇಸವಿಗಳನ್ನು ಮಾತ್ರ ಬಿಡಬೇಡಿ.

ಮೊದಲಿಗೆ ‘ದಕ್ಷಿಣ’ ಎನ್ನುವ ಪದದ ಗೊಂದಲ. ನಮ್ಮವರಿಗೆ ದಕ್ಷಿಣ ಎಂದರೆ ವಿಂಧ್ಯದ ಈಚೆ. ಅಲ್ಲಿ ದಕ್ಷಿಣ ಎಂದರೆ ಮುಖ್ಯವಾಗಿ 1860–61ರಲ್ಲಿ ಅಮೆರಿಕದ ಒಕ್ಕೂಟ ಬಿಟ್ಟು ಹೊರಟ 11 ರಾಜ್ಯಗಳು. ದಕ್ಷಿಣ ಕ್ಯಾರೊಲೈನಾ ಮೊದಲು ಹೊರಟಿತು. ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯ, ಟೆಕ್ಸಸ್, ವರ್ಜೀನಿಯ, ಟೆನೆಸ್ಸಿ ಮುಂತಾದವು ಹಿಂದೆ ಬಂದವು. ಇವು ಕೂಡಿ ಕಟ್ಟಿಕೊಂಡ ಬೇರೆ ಒಕ್ಕೂಟವೇ ‘ಕಾನ್ಫೆಡರಸಿ’. ಉತ್ತರದ ಜೊತೆ ಯುದ್ಧ ನಾಲ್ಕು ವರ್ಷ ನಡೆದು 1865ರಲ್ಲಿ ಸೋಲಾಯಿತು. ಸೋತ ಮೇಲೆ ಶುರುವಾದದ್ದೇ ನಮ್ಮ ವಿಷಯ.

ಅಲ್ಲಿ ಬೆಳೆದ ಬಿಳಿಯ ಮಕ್ಕಳಿಗೆ ಹಲವು ತಲೆಮಾರು ಹೇಳಿಕೊಟ್ಟ ಪಾಠ ಹೀಗಿತ್ತು: ನಮ್ಮ ಅಜ್ಜಂದಿರು ಗುಲಾಮಗಿರಿಗಾಗಿ ಕಾದಾಡಲಿಲ್ಲ, ರಾಜ್ಯಗಳ ಹಕ್ಕಿಗಾಗಿ ಕಾದಾಡಿದರು, ಒಡೆಯರು ದಯಾಳುಗಳಾಗಿದ್ದರು, ಗೆದ್ದವರು ಸುಳ್ಳು ಇತಿಹಾಸ ಬರೆದರು. ಇದಕ್ಕೆ ‘ಲಾಸ್ಟ್ ಕಾಸ್’ ಎಂಬ ಹೆಸರಿದೆ, ಕೈತಪ್ಪಿದ ಧ್ಯೇಯ ಅನ್ನಬಹುದು. ಇದು ಅಜ್ಜಿಯ ಬಾಯಿಂದ ತಾನಾಗಿ ಹರಿದುಬಂದ ಕಥೆಯೇನಲ್ಲ. 1894ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ’ ಎಂಬ ಮಹಿಳಾ ಸಂಘ ಇದನ್ನು ಕೂತು ಕಟ್ಟಿತು. ಊರ ನ್ಯಾಯಾಲಯದ ಮುಂದೆ ಸೈನಿಕನ ಪ್ರತಿಮೆ, ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ಶಾಲೆಯ ಗೋಡೆಗೆ ಸೇನಾಪತಿಯ ಚಿತ್ರ. ಸಂಘದ ಇತಿಹಾಸಕಾರ್ತಿಯಾಗಿದ್ದ ಮಿಲ್ಡ್ರೆಡ್ ರುದರ್‌ಫೋರ್ಡ್ 1920ರ ಹೊತ್ತಿಗೆ ಪಠ್ಯಪುಸ್ತಕಗಳನ್ನು ಅಳೆಯಲು ಒಂದು ಕೈಪಿಡಿಯನ್ನೇ ತಂದರು. ಗುಲಾಮರನ್ನು ಉಳಿಸಿಕೊಳ್ಳಲು ದಕ್ಷಿಣ ಹೋರಾಡಿತು ಎಂದು ಬರೆದ ಪುಸ್ತಕ ಬೇಡ, ಒಡೆಯನನ್ನು ಕ್ರೂರಿ ಎಂದ ಪುಸ್ತಕವೂ ಬೇಡ. ಗ್ರಂಥಾಲಯದಲ್ಲಿ ಅಂಥದ್ದು ಈಗಾಗಲೇ ಇದ್ದರೆ ಶೀರ್ಷಿಕೆ ಪುಟದ ಮೇಲೆ ‘ದಕ್ಷಿಣಕ್ಕೆ ಅನ್ಯಾಯ ಮಾಡಿದೆ’ ಎಂದು ಬರೆದಿಡಿ ಎಂಬ ಸಲಹೆ ಬೇರೆ.

ಈ ನಂಬಿಕೆಯನ್ನು ಪರೀಕ್ಷಿಸಲು ಪಂಡಿತರೇ ಆಗಬೇಕಿಲ್ಲ, ಅರ್ಧ ಗಂಟೆ ಬಿಡುವಿದ್ದರೆ ಸಾಕು. ಆ ರಾಜ್ಯಗಳಲ್ಲಿ ಕೆಲವು ಹೊರಹೋಗುವಾಗ ಬರೆದುಕೊಟ್ಟ ಕಾರಣಪತ್ರಗಳು ಯೇಲ್ ವಿಶ್ವವಿದ್ಯಾಲಯದ ಅವಲಾನ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಮಿಸಿಸಿಪ್ಪಿಯ ಪತ್ರ ತೆಗೆಯಿರಿ. ಪೀಠಿಕೆಯ ಒಂದು ವಾಕ್ಯ ಮುಗಿದೊಡನೆ, ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಎನ್ನುವ ಮಾತು ಬರುತ್ತದೆ. ಮುಚ್ಚುಮರೆ ಇಲ್ಲ. ಆಮೇಲೆ ದಕ್ಷಿಣ ಕ್ಯಾರೊಲೈನಾದ್ದನ್ನು ಓದಿ. ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದುಕೊಡುತ್ತಿಲ್ಲ, ಅದಕ್ಕೆ ಅಡ್ಡಿಯಾಗುವ ಕಾಯ್ದೆಗಳನ್ನೇ ಮಾಡಿಕೊಂಡಿವೆ ಎಂದು ಅದರ ತಕರಾರು. ಅಂದರೆ ‘ರಾಜ್ಯಗಳ ಹಕ್ಕು’ ಎಂದವರು ದೂರಿದ್ದು ಬೇರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದರ ಮೇಲೆ! ಕೊನೆಗೆ, 1861ರ ಮಾರ್ಚ್ 21ರಂದು ಸವಾನಾ ಪಟ್ಟಣದಲ್ಲಿ ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಮಾಡಿದ ಭಾಷಣ. ಬಿಳಿಯ ಮತ್ತು ಕರಿಯ ಸಮಾನರಲ್ಲ ಎನ್ನುವುದೇ ಹೊಸ ಸರ್ಕಾರದ ಮೂಲೆಗಲ್ಲು ಎಂದು ಆತನೇ ಹೇಳಿದ್ದಾನೆ. ಈ ಮೂರನ್ನೂ ಇದೇ ಅನುಕ್ರಮದಲ್ಲಿ ಓದುವುದು ಒಳ್ಳೆಯದು. ನೇರ ಭಾಷಣಕ್ಕೆ ಹೋದರೆ ‘ಅದು ಒಬ್ಬನ ಅಭಿಪ್ರಾಯ’ ಎಂದು ತಳ್ಳಿಹಾಕುವ ದಾರಿ ತೆರೆದಿರುತ್ತದೆ.

ಪ್ರತಿಮೆಗಳಿಗೂ ಸುಲಭದ ಪರೀಕ್ಷೆ ಇದೆ: ಪೀಠದ ಮೇಲಿನ ಇಸವಿ ನೋಡುವುದು. ಹೆಚ್ಚಿನವು ಯುದ್ಧ ಮುಗಿದ ಮೂವತ್ತು, ನಲವತ್ತು, ಐವತ್ತು ವರ್ಷಗಳ ಮೇಲೆ ಎದ್ದವು. ಕರಿಯರ ಮತದ ಹಕ್ಕನ್ನು ಒಂದೊಂದೇ ಕಾಯ್ದೆಯಿಂದ ಕಿತ್ತುಕೊಂಡ ಕಾಲವೂ ಅದೇ.

ಅಟ್ಲಾಂಟಾದಲ್ಲಿ ನೃಪತುಂಗ ಕನ್ನಡ ಕೂಟ ನಡೆಯುವಷ್ಟು ನಮ್ಮವರಿದ್ದಾರೆ. ಊರಿನಿಂದ ಅಪ್ಪ ಅಮ್ಮ ಬಂದರೆ ಸುತ್ತಾಡಿಸುವ ಜಾಗಗಳಲ್ಲಿ ಸ್ಟೋನ್ ಮೌಂಟನ್ ಕೂಡ ಒಂದು. ನಗರದ ಪೂರ್ವಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಮಧುಗಿರಿಯ ನೆನಪು ತರುವ ಬೋಳು ಏಕಶಿಲೆ. ಅದರ ಉತ್ತರ ಮುಖದಲ್ಲಿ ನೆಲದಿಂದ 400 ಅಡಿಗೂ ಮೇಲೆ ಕುದುರೆ ಏರಿದ ಮೂವರ ಉಬ್ಬುಶಿಲ್ಪವಿದೆ: ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್, ಸೇನಾಪತಿಗಳಾದ ರಾಬರ್ಟ್ ಲೀ ಮತ್ತು ಸ್ಟೋನ್‌ವಾಲ್ ಜ್ಯಾಕ್ಸನ್. ಅಗಲ 190 ಅಡಿ, ಎತ್ತರ 90 ಅಡಿ. ಫೋಟೊ ತೆಗೆಸಿಕೊಂಡು ಬಂದವರಲ್ಲಿ ಎಷ್ಟು ಮಂದಿ ಇದನ್ನು ಹಳೆಯ ಕಾಲದ ಸ್ಮಾರಕ ಎಂದುಕೊಂಡಿಲ್ಲ? ಬಿಳಿಯರೇ ಮೇಲು ಎಂದು ಹಿಂಸೆಗಿಳಿದ ಕು ಕ್ಲಕ್ಸ್ ಕ್ಲಾನ್ ಗುಂಪು 1915ರಲ್ಲಿ ಮರುಹುಟ್ಟು ಪಡೆದದ್ದು ಈ ಬೆಟ್ಟದ ನೆತ್ತಿಯ ಮೇಲೆ, ಶಿಲುಬೆ ಸುಟ್ಟು. ಕೆತ್ತನೆ ಶುರುವಾದದ್ದು 1923ರಲ್ಲಿ. ಮೊದಲ ಶಿಲ್ಪಿ ಗಟ್ಸನ್ ಬೋರ್ಗ್ಲಮ್ ಜಗಳವಾಡಿಕೊಂಡು 1925ರಲ್ಲಿ ಹೊರಟುಹೋದರು. ಮುಂದೆ ಮೌಂಟ್ ರಶ್‌ಮೋರ್ ಕೆತ್ತಿದವರು ಇವರೇ. 1928ರಲ್ಲಿ ದುಡ್ಡು ಮುಗಿದು ಕೆಲಸ ನಿಂತಿತು. ಮೂವತ್ತಾರು ವರ್ಷ ಯಾರೂ ಉಳಿ ಎತ್ತಲಿಲ್ಲ. ಕರಿಯರ ನಾಗರಿಕ ಹಕ್ಕುಗಳ ಹೋರಾಟ ಬಿರುಸಾಗಿದ್ದ 1958ರಲ್ಲಿ ಜಾರ್ಜಿಯ ಸರ್ಕಾರ ಬೆಟ್ಟವನ್ನು ಕೊಂಡುಕೊಂಡಿತು, 1964ರಲ್ಲಿ ಉರಿಯುವ ಜೆಟ್ ಟಾರ್ಚ್‌ಗಳಿಂದ ಕಲ್ಲು ಸಿಡಿಸುತ್ತಾ ಕೆಲಸ ಮತ್ತೆ ಶುರುವಾಯಿತು, 1972ರಲ್ಲಿ ಮುಗಿಯಿತು. ಮಾರ್ಟಿನ್ ಲೂಥರ್ ಕಿಂಗ್ 1963ರ ವಾಷಿಂಗ್ಟನ್ ಭಾಷಣದಲ್ಲಿ, ಸ್ವಾತಂತ್ರ್ಯದ ಗಂಟೆ ಮೊಳಗಲಿ ಎಂದು ಹೆಸರು ಹಿಡಿದು ಕರೆದ ಬೆಟ್ಟಗಳಲ್ಲಿ ಇದೂ ಇದೆ. ಯಾಕೆ ಕರೆದರು ಎನ್ನುವುದು ಈ ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಇಷ್ಟು ತಲೆಯಲ್ಲಿಟ್ಟುಕೊಂಡು ಡ್ರೈವ್-ಬೈ ಟ್ರಕ್ಕರ್ಸ್ ಎಂಬ ರಾಕ್ ಬ್ಯಾಂಡನ್ನು ಕೇಳಬೇಕು. ಹೊಸಬರ ಪಟ್ಟಿಗೆ ಇವರು ಹಳಬರು; ಆದರೆ ಈ ದಾರಿಗೆ ಗಾಡಿಯ ಜಾಡು ಬಿದ್ದದ್ದು ಇವರಿಂದ. ‘ಸದರ್ನ್ ರಾಕ್ ಒಪೆರಾ’ 2001ರದು, ಎರಡು ಡಿಸ್ಕಿನ ಆಲ್ಬಂ. ಮೊದಲ ಡಿಸ್ಕಿನ 7, 8, 9ನೇ ಹಾಡುಗಳನ್ನು ನಡುವೆ ಎದ್ದುಹೋಗದೆ ಕೇಳಿ. ಏಳನೆಯದು ‘ದ ಸದರ್ನ್ ಥಿಂಗ್’, ನಾಡಿನ ಹೆಮ್ಮೆ ಮತ್ತು ನಾಚಿಕೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಬ್ಬರದ ಹಾಡು. ಎಂಟನೆಯದರಲ್ಲಿ ಹಾಡೇ ಇಲ್ಲ, ಗಿಟಾರಿನ ನುಡಿಕೆಯ ಮೇಲೆ ಬ್ಯಾಂಡಿನ ಗಾಯಕ ಪ್ಯಾಟರ್ಸನ್ ಹುಡ್ ಮಾತಾಡುತ್ತಾ ಹೋಗುತ್ತಾರೆ. ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ 1958ರ ಚುನಾವಣೆಯಲ್ಲಿ ಸೋತವನು ವರ್ಣಭೇದದ ಕುದುರೆ ಹತ್ತಿ 1962ರಲ್ಲಿ ಗೆದ್ದ ಬಗೆ ಅಲ್ಲಿದೆ. ಒಂಬತ್ತನೆಯದರಲ್ಲಿ ಅದೇ ವಾಲೆಸ್‌ನನ್ನು ನರಕದಲ್ಲಿ ಸೈತಾನ ಬರಮಾಡಿಕೊಳ್ಳುತ್ತಾನೆ. ಷಫಲ್ ಒತ್ತಿದಿರೋ, ಏಳನೆಯದು ಬರೀ ಜಂಬದ ಹಾಡಾಗಿ ಕೇಳಿಸುತ್ತದೆ. ಈ ಪೆಟ್ಟು ಆ ಬ್ಯಾಂಡಿಗೇ ಬಿದ್ದಿದೆ. ಕೆಲವರು ಆ ಹಾಡಿಗೆ ಕಾನ್ಫೆಡರಸಿಯ ಬಾವುಟ ಬೀಸತೊಡಗಿದ ಮೇಲೆ ಅವರು ಅದನ್ನು ವೇದಿಕೆಯಲ್ಲಿ ನುಡಿಸುವುದನ್ನೇ ಬಿಟ್ಟರು.

ಹುಡ್ ಅವರ ತಂದೆ ಡೇವಿಡ್ ಹುಡ್ ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೊದ ಬಾಸ್ ವಾದಕ. ಬಿಳಿಯ ವಾದ್ಯಗಾರರು, ಕರಿಯ ಗಾಯಕರು, ಒಂದೇ ಕೋಣೆ, 1960ರ ದಶಕ. ಈ ಸಂಗತಿಗೆ ನಿಮ್ಮ ಅಂಕಣದಲ್ಲಿ ಅರ್ಧ ಸಾಲು ಸಿಕ್ಕಿದ್ದರೂ ಸಾಕಿತ್ತು. ಅದೇ ಬ್ಯಾಂಡಿನಿಂದ ಹೊರಬಂದ ಜೇಸನ್ ಇಸ್ಬೆಲ್ ಕೂಡ ಅದೇ ಸೀಮೆಯವರು. 2017ರ ‘ವೈಟ್ ಮ್ಯಾನ್ಸ್ ವರ್ಲ್ಡ್’ ಹಾಡಿನಲ್ಲಿ ಅವರು ಒಪ್ಪಿಕೊಳ್ಳುವ ತಪ್ಪು ಬಹಳ ಸಣ್ಣದು: ಬಿಳಿಯನೊಬ್ಬ ಹೇಳಿದ ಕೀಳು ಜೋಕು ಕಿವಿಗೆ ಬಿದ್ದರೂ ಬೀಳದವರಂತೆ ಇದ್ದುಬಿಟ್ಟದ್ದು. ದೊಡ್ಡ ಘೋಷಣೆಗಿಂತ ಈ ಸಣ್ಣ ತಪ್ಪೊಪ್ಪಿಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ ಎಂದು ನಮ್ಮ ಅನಿಸಿಕೆ.

ಇನ್ನು ಚರ್ಚು. ದಕ್ಷಿಣದ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಬೇರೆಯಾದದ್ದು 1845ರಲ್ಲಿ, ಜಾರ್ಜಿಯದ ಅಗಸ್ಟಾದಲ್ಲಿ. ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದೇ ಎನ್ನುವ ಜಗಳದಲ್ಲಿ, ಆಗಬಹುದು ಎಂದವರ ಪಕ್ಷವಾಗಿ. ಅದಕ್ಕೆ ಕ್ಷಮೆ ಕೇಳುವ ಠರಾವು ಪಾಸಾದದ್ದು 1995ರಲ್ಲಿ, ಸರಿಯಾಗಿ ನೂರೈವತ್ತು ವರ್ಷದ ಮೇಲೆ. ಈಗ ಮೂವತ್ತರ ಆಚೀಚೆ ಇರುವ ಹಾಡುಗಾರ್ತಿಯರಿಗೆ ಚರ್ಚು ಎಂದರೆ ಇನ್ನೂ ಒಂದು ನೆನಪು ಬರುತ್ತದೆ. ಇದೇ ಪಂಗಡ 1993ರಲ್ಲಿ ‘ಟ್ರೂ ಲವ್ ವೇಟ್ಸ್’ ಎಂಬ ಅಭಿಯಾನ ಶುರುಮಾಡಿತು. ಮದುವೆಯವರೆಗೆ ದೇಹಸಂಬಂಧ ಮಾಡುವುದಿಲ್ಲ ಎಂದು ಹದಿಹರೆಯದವರಿಂದ ಕಾರ್ಡಿಗೆ ಸಹಿ ಹಾಕಿಸುವುದು ಅದರ ಕ್ರಮ. 1994ರ ಬೇಸಿಗೆಯಲ್ಲಿ ವಾಷಿಂಗ್ಟನ್‌ನ ಬಯಲಿನಲ್ಲಿ ಅಂಥ ಎರಡು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಿದ್ದರು. ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಆ ಕಾರ್ಡಿನಲ್ಲಿ ಜಾಗವೇ ಇರಲಿಲ್ಲ.

ವರ್ಜೀನಿಯದ ಲೂಸಿ ಡೇಕಸ್ ಅವರ ‘ವಿಬಿಎಸ್’ (2021, ‘ಹೋಮ್ ವಿಡಿಯೊ’ ಆಲ್ಬಂ) ಕೇಳುವಾಗ ಇದು ನೆನಪಿರಲಿ. ವಿಬಿಎಸ್ ಎಂದರೆ ವೆಕೇಶನ್ ಬೈಬಲ್ ಸ್ಕೂಲ್, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಡೆಯುವ ಒಂದು ವಾರದ ಬೈಬಲ್ ಶಿಬಿರ. ಹಾಡು ಮೆಲ್ಲಗೆ, ಹಳೆಯ ಆಲ್ಬಂ ತಿರುವಿದ ಹಾಗೆ ಸಾಗುತ್ತದೆ. ಶಿಬಿರದಲ್ಲಿ ಸಿಕ್ಕ ಹುಡುಗ ತಲೆಯೊಳಗಿನ ಗದ್ದಲ ಅಡಗಿಸಲು ಹೆವಿ ಮೆಟಲ್ ಜೋರಾಗಿ ಹಾಕುತ್ತಾನೆ ಎನ್ನುವ ಸಾಲು ಮುಗಿಯುತ್ತಿದ್ದಂತೆ ಗಿಟಾರುಗಳು ಕೆಲವೇ ಸೆಕೆಂಡು ಗೋಡೆ ಬಿದ್ದಂತೆ ಬೀಳುತ್ತವೆ, ಮತ್ತೆ ಏನೂ ಆಗದಂತೆ ಹಾಡು ಮೆತ್ತಗಾಗುತ್ತದೆ. ಆ ಎತ್ತರ ತಗ್ಗು ಕೇಳಿಸದಿದ್ದರೆ ಹಾಡಿನ ಅರ್ಧ ಹೋಯಿತು. ಸ್ಪಾಟಿಫೈಯಲ್ಲಿ ಕೇಳುವವರು ದನಿಯ ಮಟ್ಟವನ್ನು ‘ಲೌಡ್’ನಿಂದ ‘ನಾರ್ಮಲ್’ಗೆ ಇಳಿಸಿಕೊಳ್ಳಲಿ. ‘ಲೌಡ್’ನಲ್ಲಿ ಲಿಮಿಟರ್ ಕೆಲಸ ಮಾಡುತ್ತದೆ, ಮೆತ್ತಗಿದ್ದದ್ದನ್ನು ಎತ್ತಿ, ಜೋರಾದದ್ದರ ತಲೆ ಒತ್ತಿಬಿಡುತ್ತದೆ.

ಮೆಂಫಿಸ್‌ನ ಜೂಲಿಯನ್ ಬೇಕರ್ ಅವರ ಪ್ರಶ್ನೆಯ ಬಗೆ ಬೇರೆ. ಅವರು ದೇವರ ಜೊತೆಯೇ ವಾದಕ್ಕೆ ಕೂರುತ್ತಾರೆ, ಎದ್ದು ಹೋಗುವುದಿಲ್ಲ. 2015ರ ‘ಸ್ಪ್ರೇನ್ಡ್ ಆ್ಯಂಕಲ್’ ಆಲ್ಬಮ್ಮಿನ ಕೊನೆಯ ಹಾಡಿನ ಕೊನೆಗೆ ಪಿಯಾನೊದಲ್ಲಿ ಒಂದು ಚರ್ಚಿನ ಸ್ತುತಿಗೀತೆಯ ಧಾಟಿ ಬಂದು ಸೇರಿಕೊಳ್ಳುತ್ತದೆ. ಜಾರ್ಜಿಯದ ಮೇಕನ್ ಊರಿನ ಟೊರೆಸ್ ಜೊತೆ ಅವರು 2025ರಲ್ಲಿ ತಂದ ‘ಸೆಂಡ್ ಎ ಪ್ರೇಯರ್ ಮೈ ವೇ’ ಪಕ್ಕಾ ಕಂಟ್ರಿ ಆಲ್ಬಂ. ಇಬ್ಬರೂ ಚರ್ಚಿನ ಮನೆಗಳಲ್ಲಿ ಬೆಳೆದವರು, ಇಬ್ಬರೂ ಹೆಣ್ಣನ್ನು ಪ್ರೀತಿಸುವವರು. ಕಂಟ್ರಿ ನಮ್ಮದೂ ಹೌದು ಎಂದು ಹಕ್ಕು ಹೂಡಿದ್ದಾರೆ. ನಮ್ಮಲ್ಲಿ ತತ್ವಪದಕಾರರು ಮಡಿಯನ್ನು ಹಂಗಿಸಿದ್ದು ಭಜನೆಯ ಧಾಟಿಯಲ್ಲೇ ಅಲ್ಲವೇ, ಕನ್ನಡದ ಕಿವಿಗೆ ಇದು ತೀರ ಹೊಸದೇನಲ್ಲ.

ಫ್ಲಾರಿಡಾದ ಪೆರಿ ಎಂಬ ಸಣ್ಣ ಊರಿನಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಮನೆಯಲ್ಲಿ ಬೆಳೆದ ಎಥೆಲ್ ಕೇನ್ ಅವರ ‘ಪ್ರೀಚರ್ಸ್ ಡಾಟರ್’ (2022) ಬಗ್ಗೆ ಈಗಾಗಲೇ ಬೇಕಾದಷ್ಟು ಮಾತಾಗಿದೆ. ಒಂದು ಎಚ್ಚರಿಕೆ ಸಾಕು: ಆಲ್ಬಮ್ಮಿನೊಳಗಿನ ಎಥೆಲ್ ಕೇನ್ ಕಾದಂಬರಿಯಂತೆ ಕಟ್ಟಿದ ಪಾತ್ರ, ಅದನ್ನು ಹಾಡುವವರ ಆತ್ಮಕಥೆ ಎಂದು ಬರೆಯಬೇಡಿ. ದಕ್ಷಿಣ ಕ್ಯಾರೊಲೈನಾದ ಏಡಿಯ ವಿಕ್ಟೋರಿಯ ನಿಮ್ಮ ಪಟ್ಟಿಯಲ್ಲಿ ಒಮ್ಮೆಯೂ ಕಂಡಿಲ್ಲ. ‘ಎ ಸದರ್ನ್ ಗಾಥಿಕ್’ (2021) ಕೇಳದೆ ಈ ವಿಷಯ ಮುಗಿಯದು. ದಕ್ಷಿಣದ ಸಂಸ್ಕಾರ ಎಂದರೆ ಬಿಳಿಯರದ್ದು ಮಾತ್ರ ಎನ್ನುವ ಭ್ರಮೆಯನ್ನು ಆ ಕರಿಯ ಹೆಣ್ಣುಮಗಳ ಬ್ಲೂಸ್ ಒಡೆಯುತ್ತದೆ.

ಕಂಟ್ರಿಯಲ್ಲಿ ಕೇಳಿಬರುವ ಬ್ಯಾಂಜೊ ಎಂಬ ತಂತಿವಾದ್ಯದ ವಿಷಯದಲ್ಲಿ ನಿಮ್ಮ ಅಂಕಣ ‘ಬಿಳಿಯ ಬೆಟ್ಟಗಾಡಿನವರ ವಾದ್ಯ’ ಎಂದು ಬರೆದದ್ದನ್ನು ತಿದ್ದಲೇಬೇಕು. ಅದೂ ಆ ನಂಬಿಕೆಗಳಲ್ಲಿ ಒಂದು. ಬ್ಯಾಂಜೊ ಆಫ್ರಿಕದಿಂದ ಬಂದ ಗುಲಾಮರ ಕೈಯಲ್ಲಿ ರೂಪುಗೊಂಡ ವಾದ್ಯ. ಮೊದಲ ಬ್ಯಾಂಜೊಗಳ ಹೊಟ್ಟೆ ನಮ್ಮ ತಂಬೂರಿಯ ಹಾಗೆ ಸೋರೆಬುರುಡೆ, ವ್ಯತ್ಯಾಸ ಇಷ್ಟೇ: ಬುರುಡೆಯ ಬಾಯಿಗೆ ಮರದ ಹಲಗೆಯ ಬದಲು ಚರ್ಮ ಬಿಗಿಯುತ್ತಿದ್ದರು. ಗ್ಯಾಂಬಿಯ, ಸೆನೆಗಲ್‌ಗಳ ಜೋಲಾ ಜನರ ‘ಅಕೊಂಟಿಂಗ್’ ಇಂದಿಗೂ ಹಾಗೆಯೇ ಇದೆ. ಮೂರು ತಂತಿ, ಅದರಲ್ಲಿ ಒಂದು ಗಿಡ್ಡ. ಗಿಡ್ಡ ತಂತಿ ಹೆಬ್ಬೆರಳಿಗೆ. ಐದು ತಂತಿಯ ಬ್ಯಾಂಜೊದಲ್ಲೂ ಕುತ್ತಿಗೆಯ ನಡುವೆಯೇ ನಿಂತುಬಿಡುವ ಒಂದು ಗಿಡ್ಡ ತಂತಿ ಇದೆ, ಅದೂ ಹೆಬ್ಬೆರಳಿನದೇ. ಕ್ಲಾಹ್ಯಾಮರ್ ಎಂಬ ಹಳೆಯ ನುಡಿಸಾಣಿಕೆಯಲ್ಲಿ ತೋರುಬೆರಳು ಅಥವಾ ನಡುಬೆರಳಿನ ಉಗುರು ತಂತಿಯನ್ನು ಕೆಳಮುಖವಾಗಿ ಹೊಡೆಯುತ್ತದೆ, ಕೈ ಇಳಿದೊಡನೆ ಹೆಬ್ಬೆರಳು ಗಿಡ್ಡ ತಂತಿಯ ಮೇಲೆ ಕೂರುತ್ತದೆ, ಏಳುವಾಗ ಅದನ್ನು ಮಿಡಿಯುತ್ತದೆ. ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ: ಗಿಟಾರಿನ ಅಭ್ಯಾಸದಿಂದ ಬೆರಳನ್ನು ಮೇಲಕ್ಕೆ ಎಳೆಯುತ್ತಾರೆ, ತಾಳದ ಕುಣಿತ ಸತ್ತುಹೋಗುತ್ತದೆ.

ಉತ್ತರ ಕ್ಯಾರೊಲೈನಾದ ರಿಯಾನನ್ ಗಿಡೆನ್ಸ್ ಈ ಇತಿಹಾಸವನ್ನು ವಾದ್ಯದ ಮೂಲಕವೇ ವಾಪಸು ತಂದವರು. ಮೆಬೆನ್ ಊರಿನ ಕರಿಯ ಪಿಟೀಲುಗಾರ ಜೋ ಥಾಂಪ್ಸನ್ ಅವರ ಮನೆಗೆ ಹೋಗಿ ಕಲಿತ ಗಿಡೆನ್ಸ್ ಮತ್ತು ಇನ್ನಿಬ್ಬರು ಎಳೆಯರು 2005ರಲ್ಲಿ ಕ್ಯಾರೊಲೈನಾ ಚಾಕೊಲೇಟ್ ಡ್ರಾಪ್ಸ್ ಎಂಬ ಬ್ಯಾಂಡು ಕಟ್ಟಿದರು. ಪತ್ರಿಕೆಯವರಾದ ನೀವು ಗಿಡೆನ್ಸ್ ಅವರ ‘ಅಟ್ ದ ಪರ್ಚೇಸರ್ಸ್ ಆಪ್ಶನ್’ (2017) ತಪ್ಪದೇ ಕೇಳಬೇಕು. ಹಳೆಯ ಪತ್ರಿಕೆಯೊಂದರ ವರ್ಗೀಕೃತ ಜಾಹೀರಾತಿನಿಂದ ಹುಟ್ಟಿದ ಹಾಡು ಅದು. ಮಾರಾಟಕ್ಕಿದ್ದದ್ದು ಒಬ್ಬ ಯುವತಿ. ಆಕೆಯ ಜೊತೆ ಒಂಬತ್ತು ತಿಂಗಳ ಕೂಸಿದೆ, ಬೇಕೋ ಬೇಡವೋ ಕೊಳ್ಳುವವರ ಇಷ್ಟ ಎಂದು ಅಚ್ಚುಹಾಕಿದ್ದರು. ಜಾಹೀರಾತಿನ ಆ ಪದಗಳೇ ಹಾಡಿನ ಹೆಸರು. 2025ರಲ್ಲಿ ಹಳೆಯ ಜೊತೆಗಾರ ಜಸ್ಟಿನ್ ರಾಬಿನ್ಸನ್ ಜೊತೆ ಗಿಡೆನ್ಸ್ ತಂದ ಬ್ಯಾಂಜೊ–ಪಿಟೀಲಿನ ಆಲ್ಬಮ್ಮನ್ನು ಸ್ಟುಡಿಯೊ ಬಿಟ್ಟು ಬಯಲಿನಲ್ಲಿ ಧ್ವನಿಮುದ್ರಿಸಿದ್ದಾರೆ, ಥಾಂಪ್ಸನ್ ಅವರ ಮನೆಯ ಬಳಿ ಕೂಡ. ಹಿನ್ನೆಲೆಯಲ್ಲಿ ಜೀರುಂಡೆ, ಹಕ್ಕಿಗಳ ಸದ್ದಿದೆ. ‘ರೆಕಾರ್ಡಿಂಗ್ ಕಳಪೆ’ ಎಂದು ನಕ್ಷತ್ರ ಕತ್ತರಿಸಬೇಡಿ.

ಹೊಸಬರಲ್ಲಿ ಉತ್ತರ ಕ್ಯಾರೊಲೈನಾದ ಆ್ಯಶ್‌ವಿಲ್‌ನ ವೆನ್ಸ್‌ಡೇ ಬ್ಯಾಂಡಿನ ‘ರ‍್ಯಾಟ್ ಸಾ ಗಾಡ್’ (2023), ‘ಬ್ಲೀಡ್ಸ್’ (2025), ಅದೇ ಬಳಗದ ಎಂ.ಜೆ. ಲೆಂಡರ್‌ಮನ್ ಅವರ ‘ಮ್ಯಾನಿಂಗ್ ಫೈರ್‌ವರ್ಕ್ಸ್’ (2024) ಪಟ್ಟಿಗೆ ಸೇರಲಿ. ಇವರು ಇತಿಹಾಸ ಹೇಳುವುದಿಲ್ಲ. ಪೆಟ್ರೋಲ್ ಬಂಕು, ಚರ್ಚಿನ ಪಾರ್ಕಿಂಗು, ನೆರೆಮನೆಯ ಪೊಲೀಸ್ ದಾಳಿ, ಇಷ್ಟರಲ್ಲೇ ಹೇಳಬೇಕಾದದ್ದು ಬಂದುಹೋಗುತ್ತದೆ. ಕಿವಿಗೊಡಬೇಕಾದದ್ದು ಸ್ಟೀಲ್ ಗಿಟಾರಿಗೆ. ನಮ್ಮ ಹಳೆಯ ಸಿನಿಮಾ ಹಾಡುಗಳ ಹವಾಯಿಯನ್ ಗಿಟಾರಿನ ನೆಂಟನೇ ಇದು. ಪೆಡಲ್ ಸ್ಟೀಲ್‌ನಲ್ಲಿ ಸಾಮಾನ್ಯವಾಗಿ ಹತ್ತು ತಂತಿ, ಕಾಲಿಗೆ ಮೂರು ಪೆಡಲು, ಮೊಣಕಾಲಿಗೆ ನಾಲ್ಕೈದು ಸನ್ನೆಕೋಲು; ಎಡಗೈಯ ಉಕ್ಕಿನ ತುಂಡು ತಂತಿಯ ಮೇಲೆ ಜಾರಿದಂತೆ ಕಾಲು ಸ್ವರವನ್ನು ಎತ್ತಿ ಇಳಿಸುತ್ತದೆ. ಕಂಟ್ರಿ ಉದ್ಯಮದ ತವರಾದ ನ್ಯಾಶ್‌ವಿಲ್ ಅದನ್ನು ಕೇಳುಗರ ಕಣ್ಣೀರು ತರಿಸಲು ಬಳಸಿತು. ವೆನ್ಸ್‌ಡೇ ಅದನ್ನು ಕರ್ಕಶ ಗಿಟಾರುಗಳ ಅಡಿಯಲ್ಲಿ ಹೂತಿಟ್ಟು, ಆಗೊಮ್ಮೆ ಈಗೊಮ್ಮೆ ಮುಖ ತೋರಿಸಲು ಬಿಡುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಇದು ಕೇಳುವುದೇ ಇಲ್ಲ, ಹೆಡ್‌ಫೋನ್ ಬೇಕು.

ಕೊಳ್ಳುವವರಿಗೆ: ಕಲಾವಿದರೇ ತಮ್ಮ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 15 ಇಟ್ಟುಕೊಳ್ಳುತ್ತದೆ, ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಿ ತನ್ನ ಪಾಲು ಬಿಡುತ್ತದೆ. ನಮ್ಮ ಬ್ಯಾಂಕಿನ ಕಾರ್ಡು ಅಲ್ಲಿ ತಿರಸ್ಕೃತವಾದರೆ ತಾಣವನ್ನು ಬೈಯುವ ಮೊದಲು ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಚಾಲೂ ಇದೆಯೇ ನೋಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ಬಂದ್ ಆಗಿಯೇ ಬರುತ್ತದೆ. 2024ರ ಹೆಲೀನ್ ಚಂಡಮಾರುತದಲ್ಲಿ ಆ್ಯಶ್‌ವಿಲ್ ಸೀಮೆ ಮುಳುಗಿದಾಗ ಪರಿಹಾರಕ್ಕಾಗಿ ತಂದ ‘ಕಾರ್ಡಿನಲ್ಸ್ ಅಟ್ ದ ವಿಂಡೊ’ ಸಂಕಲನ ಆ ತಾಣದಲ್ಲೇ ಬಿಡುಗಡೆಯಾದದ್ದು, 136 ಹಾಡು. ಆ ಸೀಮೆಯ ಸಂಗೀತದ ರುಚಿ ನೋಡಲು ಒಳ್ಳೆಯ ಬಾಗಿಲು.

ಮುಂದಿನ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಊರು, ಇಸವಿ, ಯಾವ ನಂಬಿಕೆಯ ಜೊತೆ ತಕರಾರು ಎನ್ನುವ ಒಂದು ಸಾಲು ಹಾಕಿ, ನಕ್ಷತ್ರ ಬೇಕಾದರೆ ಬಿಡಿ. ಹಾಗೆಯೇ ಒಂದು ಅಕ್ಷರದೋಷ. ಕೇಟಿ ಕ್ರಚ್‌ಫೀಲ್ಡ್ ಹಾಡುವ ಹೆಸರು ನಿಮ್ಮಲ್ಲಿ ‘ವ್ಯಾಕ್ಸ್ ಹ್ಯಾಚ್’ ಎಂದು ಅಚ್ಚಾಗಿದೆ. ಅದು ‘ವಾಕ್ಸಹ್ಯಾಚಿ’, ‘ಸೇಂಟ್ ಕ್ಲೌಡ್’ (2020), ‘ಟೈಗರ್ಸ್ ಬ್ಲಡ್’ (2024) ಆಲ್ಬಮ್ಮುಗಳವರು. ಅಲಬಾಮಾದ ಒಂದು ಹೊಳೆಯ ಹೆಸರು ಅದು. ಕೊನೆಯ ‘ಹ್ಯಾಚಿ’ ಎಂದರೆ ಮಸ್ಕೋಗಿ ಜನರ ಭಾಷೆಯಲ್ಲಿ ಹೊಳೆ. ಆ ಜನರನ್ನು 1830ರ ದಶಕದಲ್ಲಿ ಅಲಬಾಮಾದಿಂದ ಎಬ್ಬಿಸಿ ಮಿಸಿಸಿಪ್ಪಿ ನದಿಯ ಆಚೆಗೆ ಅಟ್ಟಿದರು. ಹೆಸರಿನ ಕೊನೆಯ ಇಕಾರವನ್ನು ದಯವಿಟ್ಟು ಬಿಡಬೇಡಿ.

ಇಂತಿ,
ಸಂಗೀತಾಸಕ್ತ ಓದುಗರು, ಮೈಸೂರು